ಪ್ರಿಂಟ್ ಮಾಡಿದ ಚರ್ಮ ಹಚ್ಚಿದರೆ ಅಪ್ಪಾಜಿಯ ಕಾಲಿನ ಹುಣ್ಣು ಮಾಯುತ್ತಾ?

ಪ್ರಶ್ನೆ: ಡಾಕ್ಟರೇ, ನಮ್ಮದು ಹಾವೇರಿ ಜಿಲ್ಲೆ. ಅಪ್ಪಾಜಿಗೆ 61 ವರ್ಷ, ಕಿರಾಣಿ ಅಂಗಡಿ ಇದೆ. ಶುಗರ್ ಬಂದು 14 ವರ್ಷವಾಯಿತು. ಐದು ತಿಂಗಳ ಹಿಂದೆ ಎಡಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಆಣಿ ಥರ ಗಟ್ಟಿಯಾಯಿತು. ಆಮೇಲೆ ಒಡೆದು ಹುಣ್ಣಾಯಿತು. ಈಗ ಒಂದು ರೂಪಾಯಿ ನಾಣ್ಯದಷ್ಟು ಅಗಲ ಇದೆ. ನೋವೇ ಇಲ್ಲ ಅನ್ನುತ್ತಾರೆ, ಅಂಗಡಿಗೂ ಹೋಗುತ್ತಾರೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸುತ್ತಿದ್ದೇವೆ. ಮೂರು ತಿಂಗಳ ಸರಾಸರಿ ಶುಗರ್ 8.9 ಬಂದಿದೆ. ಬೀಡಿ ಬಿಟ್ಟು ಎರಡು ವರ್ಷವಾಯಿತು. ಬೆಂಗಳೂರಿನಲ್ಲಿರುವ ನನ್ನ ಅಣ್ಣ ಒಂದು ವಿಡಿಯೋ ಕಳಿಸಿದ. ಅದರಲ್ಲಿ ಮಷೀನು ಹೃದಯ, ಕಿವಿ, ಕಾಲಿನ ಚರ್ಮ ಎಲ್ಲ ಪ್ರಿಂಟ್ ಮಾಡುತ್ತದೆ. ಒಂದು ಕ್ಲಿನಿಕ್ಕಿನವರು ಹೊಟ್ಟೆಯ ಕೊಬ್ಬು ತೆಗೆದು ಜೆಲ್ ಮಾಡಿ, ಗಾಯದ ಅಳತೆಗೆ ಪ್ರಿಂಟ್ ಮಾಡಿ ಹಚ್ಚುತ್ತೇವೆ, 2 ಲಕ್ಷ 80 ಸಾವಿರ ಆಗುತ್ತದೆ, ನೂರಕ್ಕೆ ತೊಂಬತ್ತು ಗ್ಯಾರಂಟಿ ಅಂದರು. ಇದು ನಿಜವೇ? ದೇಹ ತಿರಸ್ಕರಿಸುವುದಿಲ್ಲವೇ? ಜೆಲ್ ಅಂದರೆ ನೀರು, ನೀರು ತಾಗಿದರೆ ಗಾಯ ಕೊಳೆಯುತ್ತದೆ ಅಂತ ಚಿಕ್ಕಪ್ಪ ಹೆದರಿಸುತ್ತಾರೆ. ನಾವು ಮಾಂಸ ತಿನ್ನುವವರಲ್ಲ, ಅದರಲ್ಲಿ ಹಂದಿ, ದನದ ಪದಾರ್ಥ ಇರುತ್ತಾ? ಬೆರಳು ತೆಗೆಸುವುದಕ್ಕಿಂತ ಅಮ್ಮನ ಬಂಗಾರ ಅಡ ಇಟ್ಟಾದರೂ ಮಾಡಿಸೋಣ ಅಂತ ಅನ್ನಿಸುತ್ತಿದೆ.

ಉತ್ತರ: ಮೊದಲಿಗೆ ಒಂದು ಮಾತು. ಬಂಗಾರ ಇನ್ನೊಂದು ತಿಂಗಳು ಮನೆಯಲ್ಲೇ ಇರಲಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಪ್ರಿಂಟರಿನ ಬಗ್ಗೆ ಏಳೆಂಟು ವಾಕ್ಯ ಇವೆ. "ಅಂಗಡಿಗೂ ಹೋಗುತ್ತಾರೆ" ಅನ್ನುವುದು ನಡುವೆ ಎಲ್ಲೋ ಸುಮ್ನೆ ಬಂದು ಹೋಗಿದೆ. ನನಗೆ ಕಣ್ಣಿಗೆ ಹೊಡೆದದ್ದು ಅದೇ. ಅಲ್ಲಿಗೆ ಆಮೇಲೆ ಬರುತ್ತೇನೆ. ನೀವು ಕೇಳಿದ್ದಕ್ಕೆ ಮೊದಲು ಉತ್ತರ ಕೊಡಬೇಕಲ್ವಾ?

ವಿಡಿಯೋದಿಂದಲೇ ಶುರು ಮಾಡೋಣ. ಇಂಥ ವಿಡಿಯೋಗಳು ಸುಳ್ಳಲ್ಲ. ಆದರೆ ಮೂರು ಕಡೆಯ ಮೂರು ಕಥೆಗಳನ್ನು ಒಂದೇ ದಾರಕ್ಕೆ ಪೋಣಿಸಿರುತ್ತಾರೆ. ಆ ಹೃದಯ ಬಹುಶಃ 2019ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ತಾಲ್ ದ್ವೀರ್ ಅವರ ತಂಡ ಮಾಡಿದ್ದು. ಮೊಲದ ಹೃದಯದಷ್ಟು ದೊಡ್ಡದು. ಅದರೊಳಗಿನ ಕೋಶಗಳು ಮಿಡಿಯುತ್ತಿದ್ದವು, ಆದರೆ ಅದಕ್ಕೆ ರಕ್ತ ಪಂಪ್ ಮಾಡಲು ಬರುತ್ತಿರಲಿಲ್ಲ. ಕಿವಿಯದ್ದು 2022ರ ಸುದ್ದಿ. ಹುಟ್ಟಿನಿಂದಲೇ ಒಂದು ಕಿವಿ ಬೆಳೆಯದ 20 ವರ್ಷದ ಯುವತಿಗೆ ಅಮೆರಿಕದಲ್ಲಿ ಅವಳದೇ ಮೃದು ಎಲುಬಿನ ಕೋಶ ಬಳಸಿ ಪ್ರಿಂಟ್ ಮಾಡಿದ ಕಿವಿ ಕೂರಿಸಿದರು. ಅದು ಪ್ರಯೋಗದ ಹಂತದ ಶಸ್ತ್ರಚಿಕಿತ್ಸೆ. ಇನ್ನು ಕೊಬ್ಬಿನಿಂದ ಮಾಡಿದ ಪಾದದ ಪಟ್ಟಿ. ಅದೂ ನಿಜವೇ. ದಕ್ಷಿಣ ಕೊರಿಯಾದ ರೊಕಿಟ್ ಹೆಲ್ತ್‌ಕೇರ್ ಎಂಬ ಕಂಪನಿ ಈ ದಾರಿಯಲ್ಲಿ ಕೆಲಸ ಮಾಡಿದೆ. ರೋಗಿಯ ಕೊಬ್ಬು ತೆಗೆದು, ತೊಳೆದು, ಸಣ್ಣಗೆ ಮಾಡಿ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಜೊತೆ ಸೇರಿಸಿ ಗಾಯದ ಆಕಾರಕ್ಕೆ ಅಚ್ಚು ಹಾಕುತ್ತಾರೆ.

ಹಾಗಾಗಿ "ಇದು ನಿಜವೇ" ಅಂದರೆ, ಹೌದು. "ನಮ್ಮ ಅಪ್ಪಾಜಿಗೆ ಈಗ ಬೇಕಾದದ್ದು ಇದೇನಾ" ಅಂದರೆ, ನೀವು ಬರೆದಷ್ಟನ್ನು ನೋಡಿದರೆ, ಇನ್ನೂ ಅಲ್ಲ.

ಪ್ರಿಂಟಿಗೆ ಬಳಸುವ ಇಂಥ ಜೆಲ್ಲಿಗೆ ಹೈಡ್ರೋಜೆಲ್ ಅನ್ನುತ್ತಾರೆ. ಅದು ಏನು ಅಂತ ಒಂದು ಸಲ ಗೊತ್ತಾದರೆ ಅರ್ಧ ಭಯ, ಅರ್ಧ ಮೋಹ ಎರಡೂ ಇಳಿಯುತ್ತವೆ. ಬೇಸಿಗೆಯಲ್ಲಿ ಪಾನಕಕ್ಕೆ ಕಾಮಕಸ್ತೂರಿ ಬೀಜ ಹಾಕುತ್ತೀರಲ್ಲ, ಹತ್ತು ನಿಮಿಷಕ್ಕೆ ಅದರ ಸುತ್ತ ಲೋಳೆ ಕಟ್ಟುತ್ತದೆ. ಹೈಡ್ರೋಜೆಲ್ ಅಂದರೆ ಅದೇ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಬಲೆ, ಬಲೆಯ ತುಂಬ ನೀರು. ಚೈನಾಗ್ರಾಸ್ ಹಾಕಿ ಮಾಡುವ ಜೆಲ್ಲಿಯೂ ಹೈಡ್ರೋಜೆಲ್, ಮಗುವಿನ ಡೈಪರಿನ ಒಳಗೆ ಉಬ್ಬುವ ಪುಡಿಯೂ ಹೈಡ್ರೋಜೆಲ್. ನೂರಕ್ಕೆ ತೊಂಬತ್ತು ಪಾಲು ನೀರೇ ಇದ್ದರೂ ಹರಿದು ಹೋಗುವುದಿಲ್ಲ. ನಮ್ಮ ಮೈಯ ಮೃದು ಭಾಗಗಳೂ ಹೆಚ್ಚುಕಮ್ಮಿ ಹೀಗೇ ಇವೆ. ಅದಕ್ಕೇ ವೈದ್ಯರಿಗೆ ಇದರ ಮೇಲೆ ಕಣ್ಣು.

ಕಣ್ಣು ಅಂದಾಗ ನೆನಪಾಯಿತು. ಮೆತ್ತಗಿನ ಕಾಂಟ್ಯಾಕ್ಟ್ ಲೆನ್ಸ್ ಕೂಡ ಹೈಡ್ರೋಜೆಲ್ಲೇ. ಅದನ್ನು ಮಾಡಿದ ಚೆಕ್ ವಿಜ್ಞಾನಿ ಒಟ್ಟೋ ವಿಕ್ಟರ್ಲೆ 1961ರ ಕ್ರಿಸ್‌ಮಸ್ ಹೊತ್ತಿನಲ್ಲಿ ಮನೆಯ ಅಡುಗೆಮನೆಯಲ್ಲಿ ಕೂತು, ಮಕ್ಕಳ ಆಟಿಕೆಯ ಲೋಹದ ತುಂಡುಗಳು, ಸೈಕಲ್ ಡೈನಮೋ ಸೇರಿಸಿ ಲೆನ್ಸ್ ಎರಕ ಹೊಯ್ಯುವ ಯಂತ್ರ ಕಟ್ಟಿದರು. ಅಂದರೆ ಜೆಲ್ಲನ್ನು ಬೇಕಾದ ಆಕಾರಕ್ಕೆ ತರುವ ಯಂತ್ರ ಹೊಸದೇನಲ್ಲ. ಕಂಪ್ಯೂಟರ್ ಬಂದು ಸೇರಿಕೊಂಡದ್ದು ಆಮೇಲೆ.

ಪ್ರಿಂಟ್ ಮಾಡುವುದನ್ನು ನಾನು ಒಮ್ಮೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಹತ್ತಿರದಿಂದ ನೋಡಿದ್ದೇನೆ. ಏನೋ ಭಾರಿ ಯಂತ್ರ ಇರಬಹುದು ಅಂದುಕೊಂಡು ಹೋಗಿದ್ದೆ. ಮೈಕ್ರೋವೇವ್ ಓವನ್ನಿಗಿಂತ ಸ್ವಲ್ಪ ದೊಡ್ಡ ಗಾಜಿನ ಪೆಟ್ಟಿಗೆ. ಒಳಗೆ ಒಂದು ಸಿರಿಂಜು, ತುದಿಗೆ ಸಣ್ಣ ಸೂಜಿ. ಹಿಂದಿನಿಂದ ಗಾಳಿ ಒತ್ತಿದರೆ ಜೆಲ್ ಎಳೆಯಾಗಿ ಇಳಿಯುತ್ತದೆ. ಸಿರಿಂಜು ಅತ್ತಿತ್ತ ಓಡಾಡಿ ಅಡ್ಡ ಎಳೆ, ಉದ್ದ ಎಳೆ ಹಾಕುತ್ತಾ ಜಾಲರಿ ಕಟ್ಟುತ್ತದೆ. ನಮ್ಮ ಚಕ್ಕುಲಿ ಒರಳು ನೆನಪಾಯಿತು. ಅಲ್ಲಿದ್ದ ಹುಡುಗಿಗೆ ಹೇಳಿದೆ, ಅವಳು ನಕ್ಕು, "ಸರ್, ಕಷ್ಟವೂ ಚಕ್ಕುಲಿಯದ್ದೇ" ಅಂದಳು. ಹಿಟ್ಟು ತೆಳುವಾದರೆ ಎಳೆ ನಿಲ್ಲುವುದಿಲ್ಲ. ಗಟ್ಟಿಯಾದರೆ ಒತ್ತಿದಾಗ ತುಂಡು ತುಂಡಾಗಿ ಬೀಳುತ್ತದೆ. ಇಲ್ಲಿ ಇನ್ನೊಂದು ಪೇಚಾಟವೂ ಇದೆ. ಜೆಲ್ಲಿನೊಳಗೆ ಜೀವಂತ ಕೋಶ ಇದ್ದರೆ, ಜಾಸ್ತಿ ಒತ್ತಿದರೆ ಅವು ಸೂಜಿಯಲ್ಲೇ ಸಾಯುತ್ತವೆ. ನಾನು ನೋಡುತ್ತಿದ್ದಾಗ ಎರಡು ಸಲ ಸೂಜಿ ಕಟ್ಟಿಕೊಂಡಿತು. ಮೂರನೇ ಸಲ ಅಂಚೆಚೀಟಿಯಷ್ಟು ಅಗಲದ ಒಂದು ಜಾಲರಿ ತಯಾರಾಯಿತು. ಅದರ ಮೇಲೆ ಕ್ಯಾಲ್ಸಿಯಂ ನೀರು ಬಿಟ್ಟಳು, ಕಣ್ಣೆದುರೇ ಬಿಗಿಯಾಯಿತು. ಚಿಮಟದಲ್ಲಿ ಎತ್ತಿದರೆ ಎಳೆಗಾಯಿಯ ಗಂಜಿಯ ಹಾಗೆ ಅಲ್ಲಾಡುತ್ತಿತ್ತು. ಚಂದವಾಗಿತ್ತು. ಇದನ್ನು ನನ್ನ ರೋಗಿಯೊಬ್ಬರ ಅಂಗಾಲಿಗೆ ಇಟ್ಟು, ಅವರು ಎದ್ದು ನಿಂತರೆ ಏನಾಗಬಹುದು ಅಂತ ಆಗಲೇ ಯೋಚಿಸಿದೆ.

ಈಗ ನಿಮ್ಮ ಚಿಕ್ಕಪ್ಪನ ಭಯ. ಗಾಯ ಒಣಗಬೇಕು, ಗಾಳಿ ಆಡಬೇಕು, ನೀರು ತಾಗಬಾರದು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಇಂಗ್ಲೆಂಡಿನ ಸಂಶೋಧಕರು ಹಂದಿಗಳ ಮೇಲೆ ಸಣ್ಣ ಗಾಯ ಮಾಡಿ, ಕೆಲವನ್ನು ಒಣಗಲು ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವವಾಗಿ ಇಟ್ಟು ನೋಡಿದರು. ತೇವ ಇದ್ದ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಮ್ಮಿ ಎರಡು ಪಟ್ಟು ಬೇಗ ಹಬ್ಬಿತು. ಹೊಸ ಚರ್ಮದ ಕೋಶ ಅಂಚಿನಿಂದ ತೆವಳಿಕೊಂಡು ಬರಬೇಕು. ಒಣಗಿದ ಹಕ್ಕಳೆ ಇದ್ದರೆ ಅದರ ಅಡಿಯಲ್ಲಿ ದಾರಿ ಹುಡುಕಬೇಕಾಗುತ್ತದೆ. ಹಾಗಾಗಿ ಹದವಾದ ತೇವ ಒಳ್ಳೆಯದೇ. ಆದರೆ ಚಿಕ್ಕಪ್ಪ ಪೂರ್ತಿ ತಪ್ಪೂ ಅಲ್ಲ. ಗಾಯದಿಂದ ಆಗಲೇ ಜಾಸ್ತಿ ನೀರು ಸೋರುತ್ತಿದ್ದರೆ, ಅಥವಾ ಒಳಗೆ ಕೀವು ಇದ್ದರೆ, ಮೇಲೆ ಜೆಲ್ ಮೆತ್ತುವುದು ಅಂದರೆ ಕ್ರಿಮಿಗಳಿಗೆ ಮನೆ ಕಟ್ಟಿಕೊಟ್ಟ ಹಾಗೆ. ಸುತ್ತಲಿನ ಚರ್ಮವೂ ನೆನೆದು ಬೆಳ್ಳಗಾಗಿ ಕಿತ್ತು ಬರುತ್ತದೆ. ಗಾಯ ಒಣಗಿದ್ದರೆ ಜೆಲ್, ಸೋರುತ್ತಿದ್ದರೆ ಹೀರಿಕೊಳ್ಳುವ ಪಟ್ಟಿ. ಇಷ್ಟೇ ಲೆಕ್ಕ. ಅಂದ ಹಾಗೆ, ಪ್ರಿಂಟ್ ಮಾಡದ ಮಾಮೂಲಿ ಹೈಡ್ರೋಜೆಲ್ ಮೆಡಿಕಲ್ ಶಾಪಿನಲ್ಲಿ ಟ್ಯೂಬಿನಲ್ಲೇ ಸಿಗುತ್ತದೆ. ಅದರ ಬೆಲೆ ಲಕ್ಷದ ಹತ್ತಿರವೂ ಸುಳಿಯುವುದಿಲ್ಲ.

ಹಂದಿ, ದನದ ವಿಷಯ ಕೇಳಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಸಂಕೋಚದಿಂದ ಕೇಳುವುದಿಲ್ಲ, ಆಮೇಲೆ ಗೊತ್ತಾಗಿ ಕೊರಗುತ್ತಾರೆ. ಪ್ರಿಂಟಿಂಗ್‌ಗೆ ಬಳಸುವ ಜೆಲ್ ಒಂದೇ ಬಗೆಯದಲ್ಲ. ಆಲ್ಜಿನೇಟ್ ಬರುವುದು ಕಡಲ ಪಾಚಿಯಿಂದ, ಸೆಲ್ಯುಲೋಸ್ ಗಿಡಮರಗಳಿಂದ. ಜೆಲಾಟಿನ್ ಸಾಮಾನ್ಯವಾಗಿ ಹಂದಿಯ ಚರ್ಮ ಅಥವಾ ದನದ ಎಲುಬು, ಚರ್ಮದಿಂದ. ಕೊಲಾಜೆನ್ ಹೆಚ್ಚಾಗಿ ಪ್ರಾಣಿಗಳದ್ದೇ. ಫೈಬ್ರಿನ್ ಮನುಷ್ಯರ ರಕ್ತದಿಂದ ತೆಗೆದದ್ದು. ನಿಮ್ಮ ಕ್ಲಿನಿಕ್ಕಿನವರು ಹೇಳಿದಂತೆ ಅಪ್ಪಾಜಿಯದೇ ಕೊಬ್ಬಾದರೂ ಅದನ್ನು ಹಿಡಿದಿಡಲು ಬೇರೆ ಏನಾದರೂ ಸೇರಿಸಿಯೇ ಇರುತ್ತಾರೆ. ಏನು ಸೇರಿಸುತ್ತೀರಿ ಅಂತ ಬಾಯಿಬಿಟ್ಟು ಕೇಳಿ. ಹೇಳುವುದು ಅವರ ಕೆಲಸ. ಒಂದು ಮಾತು ಮಾತ್ರ ಅಪ್ಪಾಜಿಗೆ ಮೆಲ್ಲಗೆ ತಿಳಿಸಿ. ನಾವು ನುಂಗುವ ಹೆಚ್ಚಿನ ಕ್ಯಾಪ್ಸೂಲುಗಳ ಹೊದಿಕೆಯೂ ಜೆಲಾಟಿನ್ನೇ. ಬೇಕು, ಬೇಡ ಅನ್ನುವುದು ಅವರಿಗೇ ಬಿಟ್ಟದ್ದು.

ದೇಹ ತಿರಸ್ಕರಿಸುತ್ತಾ? ತನ್ನದೇ ಕೊಬ್ಬು ಅಂದಮೇಲೆ ಕಿಡ್ನಿ ಕಸಿಯಲ್ಲಿ ಆಗುವಂಥ ತಿರಸ್ಕಾರದ ಭಯ ಇಲ್ಲ. ನಿಜವಾದ ಅಪಾಯ ಬೇರೆ. ಕ್ರಿಮಿ ಸೇರಿಕೊಳ್ಳುವುದು, ಪಟ್ಟಿ ಅಂಟದೆ ಜಾರಿ ಬರುವುದು, ಕೊಬ್ಬು ತೆಗೆದ ಜಾಗದಲ್ಲಿ ರಕ್ತ ಕಟ್ಟುವುದು ಅಥವಾ ಸೋಂಕಾಗುವುದು. ಇವೆಲ್ಲಕ್ಕಿಂತ ದೊಡ್ಡದು, ಸಮಯ ಹೋಗುವುದು. ಪಟ್ಟಿ ಹಚ್ಚಿದ್ದೇವೆ ಅನ್ನೋ ನೆಮ್ಮದಿಯಲ್ಲಿ ಎರಡು ತಿಂಗಳು ಕಳೆದು, ಅಷ್ಟರಲ್ಲಿ ಹುಣ್ಣು ಎಲುಬಿಗೆ ಇಳಿದುಬಿಡುವುದು. ನಾನು ನೋಡಿದ ಅನಾಹುತಗಳಲ್ಲಿ ಹೆಚ್ಚಿನವು ಈ ಥರದವೇ.

"ಪ್ರಿಂಟ್ ಮಾಡಿದ ಚರ್ಮ" ಅನ್ನುವ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ನಮ್ಮ ಚರ್ಮದಲ್ಲಿ ಬೆವರಿನ ಗ್ರಂಥಿ, ನರ, ರಕ್ತನಾಳ ಎಲ್ಲ ಇವೆ. ಆ ಪಟ್ಟಿಯಲ್ಲಿ ಇರುವುದಿಲ್ಲ. ಅದು ಹೊಸ ಚರ್ಮ ಹಬ್ಬಲು ಹಾಕಿದ ಚಪ್ಪರ ಅನ್ನಬಹುದು. ಚಪ್ಪರ ಹಾಕಿದ ಮಾತ್ರಕ್ಕೆ ಬಳ್ಳಿ ಹಬ್ಬುತ್ತಾ? ಬುಡಕ್ಕೆ ನೀರು ಬೇಕು. ಇಲ್ಲಿ ನೀರು ಅಂದರೆ ರಕ್ತ. ರಕ್ತನಾಳದಿಂದ ಆಮ್ಲಜನಕ ತಾನಾಗಿ ಹರಡಿಕೊಂಡು ಹೋಗುವ ದೂರ ಹೆಚ್ಚೆಂದರೆ 0.2 ಮಿಲಿಮೀಟರ್. ಅದಕ್ಕಿಂತ ದೂರ ಇರುವ ಕೋಶ ಉಸಿರು ಕಟ್ಟಿ ಸಾಯುತ್ತದೆ. ಇಡೀ ಪಿತ್ತಜನಕಾಂಗ, ಇಡೀ ಹೃದಯ ಪ್ರಿಂಟ್ ಮಾಡಲು ಆಗದೆ ಪ್ರಪಂಚದ ದೊಡ್ಡ ದೊಡ್ಡ ಪ್ರಯೋಗಾಲಯಗಳು ನಿಂತಿರುವುದೂ ಇಲ್ಲೇ. ಬೆಂಗಳೂರಿನ ಪ್ಯಾಂಡೋರಮ್ ಎಂಬ ಕಂಪನಿ 2015ರಲ್ಲೇ ಪಿತ್ತಜನಕಾಂಗದ ಅಂಗಾಂಶ ಪ್ರಿಂಟ್ ಮಾಡಿ ಸುದ್ದಿಯಾಗಿತ್ತು. ಅದು ಔಷಧಿ ಪರೀಕ್ಷೆಗೆ ಉಪಯೋಗವಾಗುವ ಪುಟ್ಟ ತುಣುಕು, ಹೊಟ್ಟೆಯೊಳಗೆ ಕೂರಿಸುವ ಅಂಗ ಅಲ್ಲ. ತೆಳುವಾದ, ರಕ್ತನಾಳವೇ ಬೇಡದ ಜಾಗಗಳಲ್ಲಿ ಕೆಲಸ ಬೇಗ ಸಾಗುತ್ತಿದೆ. ಉದಾಹರಣೆಗೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಕಾರ್ನಿಯಾ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ, ಐಐಟಿ, ಜೀವಕೋಶಗಳ ಸಂಶೋಧನೆ ಮಾಡುವ ಸಿಸಿಎಂಬಿ ಸೇರಿ ಮನುಷ್ಯರ ಕಾರ್ನಿಯಾದಿಂದಲೇ ತಯಾರಿಸಿದ ಜೆಲ್ ಬಳಸಿ ಕಾರ್ನಿಯಾ ಪ್ರಿಂಟ್ ಮಾಡಿ, 2022ರಲ್ಲಿ ಮೊಲದ ಕಣ್ಣಿಗೆ ಕೂರಿಸಿದ್ದರು. ನನಗೆ ಈ ವಿದ್ಯೆಯ ಮೇಲೆ ಸಿಟ್ಟೇನಿಲ್ಲ ಅಂತ ತಿಳಿಸಲು ಇಷ್ಟು ಹೇಳಿದೆ. ಹತ್ತು ವರ್ಷದ ಹಿಂದೆ ಇದರ ಬಗ್ಗೆ ಕೇಳಿದಾಗ ನಾನೂ ಹಿಗ್ಗಿದವನೇ.

ಈಗ ಅಪ್ಪಾಜಿಯ ಕಾಲಿಗೆ ಬರೋಣ.

ನೋವೇ ಇಲ್ಲ ಅನ್ನುತ್ತಾರೆ ಅಂದಿರಲ್ಲ, ಅದು ಒಳ್ಳೆಯ ಸುದ್ದಿ ಅಲ್ಲ. 14 ವರ್ಷದ ಶುಗರಿಗೆ ಪಾದದ ನರಗಳು ಜೋಮು ಹಿಡಿದಿವೆ. ನಿಮಗೋ ನನಗೋ ಅಂಗಾಲಿನಲ್ಲಿ ಅಂಥ ಹುಣ್ಣಾಗಿದ್ದರೆ ಕುಂಟುತ್ತಿದ್ದೆವು, ಆ ಕಾಲು ಊರುತ್ತಲೇ ಇರಲಿಲ್ಲ. ಅವರು ಪೂರ್ತಿ ಭಾರ ಹಾಕಿ ನಡೆಯುತ್ತಾರೆ. ಲೆಕ್ಕ ಹಾಕಿ ನೋಡಿ. ಗಿರಾಕಿ ಬಂದಾಗಲೆಲ್ಲ ಎದ್ದು, ಒಳಗೆ ಹೋಗಿ, ಬೇಳೆ ತೂಗಿ ಕೊಟ್ಟು ದಿನಕ್ಕೆ 4 ಸಾವಿರ ಹೆಜ್ಜೆ ಹಾಕಿದರು ಅನ್ನೋಣ. ಎಡಗಾಲಿಗೆ 2 ಸಾವಿರ. ಅಂದರೆ ದಿನಕ್ಕೆ 2 ಸಾವಿರ ಸಲ ಇಡೀ ಮೈಭಾರ ಆ ನಾಣ್ಯದಷ್ಟು ಜಾಗದ ಮೇಲೆ ಹಾದುಹೋಗುತ್ತದೆ. ರಾತ್ರಿ ಮಾದದ್ದು ಹಗಲು ಕಿತ್ತು ಬರುತ್ತದೆ. ಐದು ತಿಂಗಳ ಡ್ರೆಸ್ಸಿಂಗ್ ಸೋತದ್ದು ಔಷಧಿ ಸರಿಯಿಲ್ಲ ಅಂತಲೇ ಇರಬೇಕಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ವೃತ್ತಿಯ ಶುರುವಿನಲ್ಲಿ, ಇಂಥದ್ದೇ ಹುಣ್ಣಿದ್ದ ಒಬ್ಬ ಮೇಷ್ಟ್ರಿಗೆ ಆಗಷ್ಟೇ ಬಂದಿದ್ದ ದುಬಾರಿ ಕೊಲಾಜೆನ್ ಪಟ್ಟಿ ಹಚ್ಚಿದೆ. ಹದಿನೈದು ದಿನಕ್ಕೆ ಜಾರಿ ಬಂತು. ಮತ್ತೊಂದು ಹಚ್ಚಿದೆ, ಅದೂ ಹೋಯಿತು. ಆಗ ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಏನೂ ಮಾತಾಡದೆ ಮೇಷ್ಟ್ರ ಚಪ್ಪಲಿ ತಂದು ನನ್ನ ಮೇಜಿನ ಮೇಲಿಟ್ಟರು. ತಿರುವಿ ನೋಡಿದೆ. ಅಡಿಯಿಂದ ಒಂದು ಡ್ರಾಯಿಂಗ್ ಪಿನ್ನು ಚುಚ್ಚಿಕೊಂಡು, ಮೊನೆ ಒಳಗಡೆ ಅಕ್ಕಿಕಾಳಿನಷ್ಟು ಮೇಲೆ ಬಂದಿತ್ತು. ಸರಿಯಾಗಿ ಹುಣ್ಣಿನ ಜಾಗಕ್ಕೆ. ಅವರಿಗೆ ಗೊತ್ತೇ ಆಗಿರಲಿಲ್ಲ, ನಾನು ನೋಡಿರಲೇ ಇಲ್ಲ. ಅವರ ಎರಡು ತಿಂಗಳ ಪಿಂಚಣಿ ನನ್ನ ಪಟ್ಟಿಗೆ ಹೋಗಿತ್ತು.

ಆದ್ದರಿಂದ ಯಾವ ಪಟ್ಟಿಯ ಮಾತೂ ಎತ್ತುವ ಮೊದಲು ಆಗಬೇಕಾದ ಕೆಲಸ ಕೆಲವಿವೆ.

ರಕ್ತದ ಹರಿವು ನೋಡಬೇಕು. ಬೀಡಿ ಬಿಟ್ಟಿದ್ದಾರೆ, ಸಂತೋಷ. ಆದರೆ ಸೇದಿದ ವರ್ಷಗಳ ಲೆಕ್ಕ ನಾಳದಲ್ಲಿ ಉಳಿದಿರುತ್ತದೆ. ಪಾದದ ನಾಡಿ ಮುಟ್ಟಿ ನೋಡಿ, ರಕ್ತದ ಹರಿವು ಪತ್ತೆ ಮಾಡುವ ಡಾಪ್ಲರ್ ಯಂತ್ರ ಹಿಡಿದು, ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿ ನೋಡುತ್ತಾರೆ. ಆ ಸಂಖ್ಯೆ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಅಂತ ಅರ್ಥ. ಶುಗರ್ ಇರುವವರಲ್ಲಿ ಒಂದು ಮೋಸ ಇದೆ. ನಾಳದ ಗೋಡೆ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ, ಆಗ ಸಂಖ್ಯೆ ಸುಳ್ಳೇ ಚೆನ್ನಾಗಿ ಬರುತ್ತದೆ. ಅದಕ್ಕೆ ಕಾಲ್ಬೆರಳಿನ ರಕ್ತದೊತ್ತಡವನ್ನೂ ಅಳೆಯಿರಿ ಅಂತ ಕೇಳಿ. ನಾಳ ಕಟ್ಟಿದ್ದರೆ ಮೊದಲು ಅದನ್ನು ಬಲೂನ್ ಹಾಕಿಯೋ ಬೈಪಾಸ್ ಮಾಡಿಯೋ ತೆರೆಯಬೇಕು.

ಎಲುಬು ನೋಡಬೇಕು. ಐದು ತಿಂಗಳ ಹುಣ್ಣು, ಅದೂ ಹೆಬ್ಬೆರಳ ಬುಡ. ಅಲ್ಲಿ ಚರ್ಮಕ್ಕೂ ಎಲುಬಿಗೂ ನಡುವೆ ಜಾಸ್ತಿ ಜಾಗ ಇಲ್ಲ. ತೆಳ್ಳಗಿನ ಲೋಹದ ಕಡ್ಡಿ ಇಳಿಸಿ ಎಲುಬು ತಾಗುತ್ತಾ ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ. ಇಲ್ಲಿಯವರೆಗೆ ಒಂದೂ ಎಕ್ಸ್‌ರೇ ಆಗಿಲ್ಲ ಅಂದರೆ ಈ ವಾರವೇ ಮಾಡಿಸಿ. ಎಲುಬಿಗೆ ಸೋಂಕು ಇದ್ದರೆ ಮೇಲೆ ಏನು ಹಚ್ಚಿದರೂ ವ್ಯರ್ಥ.

ಸತ್ತ ಚರ್ಮ, ಅಂಚಿನ ಆಣಿ ಎಲ್ಲ ಚೂಪಾದ ಬ್ಲೇಡಿನಿಂದ ಹೆರೆದು ತೆಗೆಯಬೇಕು. ಬರೀ ಬೆಟಾಡಿನ್ ಹಚ್ಚಿ ಗಾಜ್ ಸುತ್ತಿ ಕಳಿಸುವುದಕ್ಕೆ ಡ್ರೆಸ್ಸಿಂಗ್ ಬದಲಾವಣೆ ಅನ್ನಬಹುದು, ಚಿಕಿತ್ಸೆ ಅನ್ನಲು ನನಗೆ ಮನಸ್ಸಿಲ್ಲ. ಆಣಿ ತೆಗೆದರೇ ಆ ಜಾಗದ ಒತ್ತಡ ಕಾಲು ಭಾಗದಷ್ಟು ಇಳಿಯುತ್ತದೆ. ಇದನ್ನು ಗೊತ್ತಿರುವವರೇ ಮಾಡಬೇಕು. ಮನೆಯಲ್ಲಿ ಶೇವಿಂಗ್ ಬ್ಲೇಡ್ ಹಿಡಿದು ಕೂರಬೇಡಿ, ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯೂ ಬೇಡ. ಅದರಲ್ಲಿ ಆ್ಯಸಿಡ್ ಇರುತ್ತದೆ, ಜೋಮು ಹಿಡಿದ ಕಾಲಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಇನ್ನು ಭಾರ ಇಳಿಸುವುದು. ನನ್ನನ್ನು ಕೇಳಿದರೆ ನಿಮ್ಮ ಅಪ್ಪಾಜಿಯ ಮಟ್ಟಿಗೆ ಇದೇ ಮುಖ್ಯ ಔಷಧಿ. ಮಂಡಿಯ ಕೆಳಗಿನಿಂದ ಪಾದದವರೆಗೆ ಅಂಟಿಕೊಂಡ ಹಾಗೆ ಪ್ಲಾಸ್ಟರ್ ಹಾಕುತ್ತಾರೆ, ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಅಂತ ಹೆಸರು. ಭಾರ ಹುಣ್ಣಿನ ಮೇಲೆ ಬೀಳದೆ ಇಡೀ ಕಾಲಿಗೆ ಹಂಚಿಹೋಗುತ್ತದೆ. ವಾರಕ್ಕೋ ಎರಡು ವಾರಕ್ಕೋ ಬಿಚ್ಚಿ ಮತ್ತೆ ಹಾಕುತ್ತಾರೆ. ಇದು ಎಲ್ಲಿಂದಲೋ ಬಂದ ವಿದ್ಯೆ ಅಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಜೋಮು ಹಿಡಿದ ಪಾದಗಳಿಗೆ ಪ್ಲಾಸ್ಟರ್ ಹಾಕಿ ಹುಣ್ಣು ಮಾಯಿಸುತ್ತಿದ್ದ ಡಾಕ್ಟರ್ ಪಾಲ್ ಬ್ರಾಂಡ್, 1960ರ ದಶಕದಲ್ಲಿ ಅಮೆರಿಕಕ್ಕೆ ಹೋದಾಗ ಇದನ್ನು ಜೊತೆಗೆ ಒಯ್ದರು. ಅಲ್ಲಿ ಅದು ಶುಗರ್ ರೋಗಿಗಳ ಪಾದಕ್ಕೂ ಬಳಕೆಗೆ ಬಂತು. ಜೋಮು ಹಿಡಿದ ಪಾದಕ್ಕೆ ಕೊಡುವ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿಯ ಬೇರೂ ಕುಷ್ಠರೋಗದ ಆಸ್ಪತ್ರೆಗಳಲ್ಲೇ ಇದೆ.

ಇದರ ಫಲ ಎಷ್ಟು? ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಈ ಪ್ಲಾಸ್ಟರ್ ಹಾಕಿದವರಲ್ಲಿ ನೂರಕ್ಕೆ ಸುಮಾರು 90 ಜನರ ಹುಣ್ಣು 12 ವಾರದಲ್ಲಿ ಮಾದಿತ್ತು. ಬಿಚ್ಚಿ ಹಾಕಬಹುದಾದ ಬೂಟು ಕೊಟ್ಟವರಲ್ಲಿ 65. ಯಾಕೆ ಈ ವ್ಯತ್ಯಾಸ ಗೊತ್ತಾ? ಬಿಚ್ಚಬಹುದು ಅಂದರೆ ಬಿಚ್ಚುತ್ತಾರೆ. ಅದೇ ತಂಡ ಗುಟ್ಟಾಗಿ ಹೆಜ್ಜೆ ಎಣಿಸಿ ನೋಡಿದಾಗ, ದಿನದ ಓಡಾಟದಲ್ಲಿ ನೂರಕ್ಕೆ 28 ಪಾಲು ಮಾತ್ರ ಬೂಟು ಕಾಲಲ್ಲಿತ್ತು. ಮನುಷ್ಯ ಸ್ವಭಾವ ಎಲ್ಲ ಕಡೆ ಒಂದೇ. ಹಿತ್ತಲಿಗೆ ಹೋಗಿ ಬರಲು ಬೂಟು ಯಾಕೆ ಅಂತ.

ಇದರ ಪಕ್ಕದಲ್ಲಿ ಜೀವಂತ ಚರ್ಮದ ಪಟ್ಟಿಯ ಲೆಕ್ಕ ಇಡುತ್ತೇನೆ. ಆಪ್ಲಿಗ್ರಾಫ್ ಎಂಬ ಪಟ್ಟಿ, ಕೊಲಾಜೆನ್ ಜೆಲ್ಲಿನಲ್ಲಿ ಮನುಷ್ಯರ ಕೋಶ ಬೆಳೆಸಿದ್ದು, ಪ್ರಿಂಟ್ ಮಾಡಿದ್ದಲ್ಲ. ಪಾದದ ಹುಣ್ಣಿಗೆ ಅಮೆರಿಕದಲ್ಲಿ 2000ದಲ್ಲೇ ಒಪ್ಪಿಗೆ ಸಿಕ್ಕಿತು. ಅದರ ಮುಖ್ಯ ಅಧ್ಯಯನದಲ್ಲಿ 12 ವಾರಕ್ಕೆ ಪಟ್ಟಿ ಹಾಕಿದವರಲ್ಲಿ ನೂರಕ್ಕೆ 56 ಜನರಿಗೆ ಮಾದಿತು, ಹಾಕದವರಲ್ಲಿ 38. ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ತೊಂಬತ್ತು ಎಲ್ಲಿ? ಈ ಎರಡು ಅಧ್ಯಯನಗಳ ರೋಗಿಗಳು ಬೇರೆ ಬೇರೆ, ತಕ್ಕಡಿಯಲ್ಲಿ ಎದುರುಬದುರು ಇಟ್ಟು ತೂಗಬಾರದು. ಆದರೂ ನಿಮಗೊಂದು ಅಂದಾಜು ಸಿಗಲಿ ಅಂತ ಹೇಳಿದೆ. ಕೊಬ್ಬಿನ ಪ್ರಿಂಟ್ ಪಟ್ಟಿಯ ಬಗ್ಗೆ ನಾನು ಓದಿದ ಅಧ್ಯಯನಗಳು ಬಹುತೇಕ ಚಿಕ್ಕವು. ಫಲಿತಾಂಶ ಆಸೆ ಹುಟ್ಟಿಸುವಂತಿದೆ. ಆದರೆ ಇಂಥ ಅಧ್ಯಯನಗಳಿಗೆ ಸಾಮಾನ್ಯವಾಗಿ ರಕ್ತ ಚೆನ್ನಾಗಿ ಹರಿಯುವ, ಸೋಂಕಿಲ್ಲದ ರೋಗಿಗಳನ್ನೇ ಆರಿಸುತ್ತಾರೆ. ಹೆರೆದು ಸ್ವಚ್ಛ ಮಾಡುವುದು, ಭಾರ ಇಳಿಸುವುದು ಅಲ್ಲೂ ಇರುತ್ತದೆ. ಮಧುಮೇಹದ ಪಾದಗಳಿಗೆ ಮಾರ್ಗಸೂಚಿ ಬರೆಯುವ ಐಡಬ್ಲ್ಯೂಜಿಡಿಎಫ್ ಎಂಬ ಅಂತರರಾಷ್ಟ್ರೀಯ ತಂಡ 2023ರಲ್ಲೂ ಚರ್ಮದ ಬದಲಿ ಪಟ್ಟಿಗಳನ್ನು ಎಲ್ಲರಿಗೂ ಮಾಮೂಲಿಯಾಗಿ ಬಳಸಬೇಡಿ ಅಂತಲೇ ಸೂಚಿಸಿದೆ.

ಪ್ಲಾಸ್ಟರಿಗೂ ಅಪಾಯ ಇಲ್ಲದಿಲ್ಲ. ನಾಳ ಕಟ್ಟಿದ್ದರೆ, ಕೀವಿದ್ದರೆ ಹಾಕುವ ಹಾಗಿಲ್ಲ. ಅಭ್ಯಾಸ ಇಲ್ಲದವರು ಹಾಕಿದರೆ ಒಳಗೇ ಉಜ್ಜಿ ಇನ್ನೊಂದು ಹುಣ್ಣಾಗುತ್ತದೆ, ಜೋಮು ಕಾಲಿಗೆ ಅದೂ ತಿಳಿಯುವುದಿಲ್ಲ. ಒಂದು ಕಾಲು ಭಾರವಾಗಿ ಬೀಳುವ ಭಯ ಇರುತ್ತದೆ, ಕೋಲು ಬೇಕು. ಅಂಗಡಿ ನಡೆಸುವುದು ಕಷ್ಟ. ಗಲ್ಲಾದ ಮೇಲೆ ಕೂರಲಿ, ಸಾಮಾನು ತೆಗೆದುಕೊಡಲು ಎರಡು ತಿಂಗಳ ಮಟ್ಟಿಗೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳಿ. ಆ ಸಂಬಳ, ಪ್ಲಾಸ್ಟರಿನ ಖರ್ಚು ಎಲ್ಲ ಸೇರಿಸಿದರೂ ನಿಮಗೆ ಹೇಳಿದ ಮೊತ್ತದ ಒಂದು ಮೂಲೆಗೂ ಬರುವುದಿಲ್ಲ.

ಹಾವೇರಿಯಲ್ಲಿ ಇದನ್ನು ಮಾಡುವವರು ಸಿಗದಿದ್ದರೆ ಹುಬ್ಬಳ್ಳಿ ಅಥವಾ ದಾವಣಗೆರೆಯಲ್ಲಿ ಮಧುಮೇಹದ ಪಾದ ನೋಡುವವರನ್ನು ವಿಚಾರಿಸಿ. ಬೆಂಗಳೂರಿಗೆ ಹೇಗೂ ಹೋಗುವುದಾದರೆ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದದ್ದೇ ವಿಭಾಗ ಇದೆ. ಅಣ್ಣ ಅಲ್ಲೇ ಇದ್ದಾನಲ್ಲ, ಒಂದು ದಿನ ಹೋಗಿ ವಿಚಾರಿಸಿ ಬರಲಿ.

ಇಷ್ಟೆಲ್ಲ ಸರಿಯಾಗಿ ಶುರುವಾದ ಮೇಲೆ ನಾಲ್ಕು ವಾರ ಕೊಡಿ. ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಗಾಯದ ಫೋಟೋ ತೆಗೆಯಿರಿ. ನಾಲ್ಕು ವಾರಕ್ಕೆ ಗಾಯದ ವಿಸ್ತಾರ ಅರ್ಧಕ್ಕೆ ಇಳಿದಿದ್ದರೆ, ಬಹುತೇಕ ಅದೇ ದಾರಿಯಲ್ಲಿ ಮಾಯುತ್ತದೆ. ಇಳಿಯದಿದ್ದರೆ ರಕ್ತ, ಎಲುಬು, ಭಾರ ಮೂರನ್ನೂ ಮತ್ತೆ ಮೊದಲಿಂದ ನೋಡಬೇಕು. ಅವೆಲ್ಲ ಸರಿ ಇದ್ದೂ ಹುಣ್ಣು ಹಟ ಹಿಡಿದರೆ, ಆಗ ಮುಂದಿನ ಮಾತು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬಿಗಿಯಾಗಿದ್ದರೆ ಅದನ್ನು ಸ್ವಲ್ಪ ಉದ್ದ ಮಾಡುವ ಸಣ್ಣ ಆಪರೇಷನ್ ಇದೆ, ಮುಂಗಾಲಿನ ಮೇಲಿನ ಒತ್ತಡ ಚೆನ್ನಾಗಿ ಇಳಿಯುತ್ತದೆ. ರೋಗಿಯದೇ ರಕ್ತದಿಂದ ಮಾಡುವ ಫೈಬ್ರಿನ್ ಪಟ್ಟಿ ಇದೆ. ತೊಡೆಯ ಚರ್ಮ ತೆಗೆದು ಕಸಿ ಮಾಡುವುದೂ ಉಂಟು, ಆದರೆ ಅಂಗಾಲಿನ ಭಾರ ಬೀಳುವ ಜಾಗಕ್ಕೆ ಆ ತೆಳು ಚರ್ಮ ಹೆಚ್ಚು ದಿನ ತಡೆಯುವುದಿಲ್ಲ. ನೀವು ಕೇಳಿದ ಪ್ರಿಂಟ್ ಪಟ್ಟಿ ಈ ಸಾಲಿನಲ್ಲಿ, ಹಿಂದಿನ ಬೆಂಚಿನಲ್ಲಿ ಕೂತಿದೆ.

ಅಲ್ಲಿಯವರೆಗೂ ಹೋಗಬೇಕಾಗಿ ಬಂದರೆ ಕ್ಲಿನಿಕ್ಕಿನವರ ಹತ್ತಿರ ಸಂಕೋಚ ಬಿಟ್ಟು ಮಾತಾಡಿ. ಇದಕ್ಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಓ ಒಪ್ಪಿಗೆ ಇದೆಯಾ ಅಥವಾ ಇದು ಪ್ರಯೋಗವಾ ಅಂತ ಕೇಳಿ. ಪ್ರಯೋಗ ಅಂದರೆ ಇಂಥ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐಯ ನೋಂದಣಿ ಸಂಖ್ಯೆ ಇರಲೇಬೇಕು. 2009ರಿಂದ ಅದು ಕಡ್ಡಾಯ, ಆ ಸಂಖ್ಯೆ ಹಾಕಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಪ್ರಯೋಗವೇ ಆಗಿದ್ದರೆ ನಮ್ಮಿಂದ 2 ಲಕ್ಷ 80 ಸಾವಿರ ಯಾಕೆ ತಗೊಳ್ಳುತ್ತೀರಿ ಅಂತಲೂ ಕೇಳಿ. ಹಣ ಕೊಟ್ಟು ಪ್ರಯೋಗಕ್ಕೆ ಒಳಗಾಗುವುದು ಎಲ್ಲಿಯ ನ್ಯಾಯ? ಅಪ್ಪಾಜಿಯ ಕಾಲ್ಬೆರಳಿನ ರಕ್ತದೊತ್ತಡ ಎಷ್ಟಿದೆ ಅಂತ ಅವರು ಅಳೆದಿದ್ದಾರಾ, ಪಟ್ಟಿ ಹಚ್ಚಿದ ಮೇಲೆ ಕಾಲಿನ ಭಾರ ಹೇಗೆ ಇಳಿಸುತ್ತಾರೆ, ಜಾರಿ ಬಂದರೆ ಮುಂದೇನು. ಇವಕ್ಕೆ ಉತ್ತರ ತಡವರಿಸಿದರೆ ಎದ್ದು ಬನ್ನಿ. ಗಾಯಕ್ಕೆ ಗ್ಯಾರಂಟಿ ಕೊಡುವ ವೈದ್ಯರನ್ನು ನಾನು ನಂಬುವುದಿಲ್ಲ. ಮಿಕ್ಸಿಗೆ ಗ್ಯಾರಂಟಿ ಕೊಡಬಹುದು.

ಬೆರಳು ತೆಗೆಸುವ ಮಾತು. ಆ ಹೆದರಿಕೆಯಿಂದಲೇ ನೀವು ಬಂಗಾರದವರೆಗೆ ಹೋದದ್ದು ಅಂತ ನನಗೆ ಅರ್ಥವಾಗುತ್ತದೆ. ನೀವು ಬರೆದದ್ದರಲ್ಲಿ ಈಗಲೇ ಬೆರಳು ತೆಗೆಯಬೇಕು ಅನ್ನುವಂಥದ್ದು ಏನೂ ಕಾಣುತ್ತಿಲ್ಲ. ಎಲುಬು ಕೊಳೆತಿದ್ದರೂ ಕೆಲವೊಮ್ಮೆ ಔಷಧಿಯಿಂದ, ಕೆಲವೊಮ್ಮೆ ಆ ಎಲುಬಿನ ತುಂಡು ಮಾತ್ರ ತೆಗೆದು ಉಳಿಸುತ್ತೇವೆ. ಕೆಲವೊಮ್ಮೆ ಬೆರಳು ಹೋದರೆ ಪಾದ ಉಳಿಯುತ್ತದೆ, ಆಗ ತಡ ಮಾಡಬಾರದು. ಅದನ್ನು ಕಣ್ಣಾರೆ ನೋಡಿದ ಸರ್ಜನ್ ಹೇಳಬೇಕು, ಪತ್ರ ಓದಿದ ನಾನಲ್ಲ. ಆದರೆ ಇಷ್ಟು ನೆನಪಿರಲಿ. ಕೆಂಪು ಮೇಲಕ್ಕೆ ಹಬ್ಬಿದರೆ, ಜ್ವರ ಚಳಿ ಬಂದರೆ, ಕೆಟ್ಟ ವಾಸನೆ ಹೊಡೆದರೆ, ಬೆರಳು ಕಪ್ಪಾದರೆ, ಕಾರಣ ಇಲ್ಲದೆ ಶುಗರ್ ಏರಿಬಿಟ್ಟರೆ, ಪಾದ ಇದ್ದಕ್ಕಿದ್ದಂತೆ ಬಿಸಿಯಾಗಿ ಊದಿಕೊಂಡರೆ, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ನೋವಿಲ್ಲವಲ್ಲ ಅಂತ ಬೆಳಗಿನವರೆಗೆ ಕಾಯಬೇಡಿ.

ಸರಾಸರಿ ಶುಗರ್ 8.9 ಅಂದಿರಿ. ಇಳಿಯಬೇಕು, ಆದರೆ ಗಾಬರಿಯಲ್ಲಿ ಒಂದೇ ವಾರದಲ್ಲಿ ಇಳಿಸಲು ಹೋಗಿ ಶುಗರ್ ಕುಸಿದು ತಲೆ ತಿರುಗಿ ಬೀಳುವುದು ಬೇಡ. ನಿಮ್ಮ ವೈದ್ಯರ ಹತ್ತಿರ ಕೂತು ಮಾತ್ರೆಯೋ ಇನ್ಸುಲಿನ್ನೋ ಸರಿ ಮಾಡಿಕೊಳ್ಳಿ. ಊಟದಲ್ಲಿ ಬೇಳೆ, ಕಾಳು, ಮೊಸರು ಜಾಸ್ತಿ ಇರಲಿ, ಗಾಯ ಮಾಯಲು ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಕೇಳಿಕೊಂಡು ತಿನ್ನಿ.

ಎಕ್ಸ್‌ರೇ, ಡಾಪ್ಲರ್ ಆದ ಮೇಲೆ ಮತ್ತೆ ಬರೆಯಿರಿ. ಗಾಯದ ಫೋಟೋ ಜೊತೆಗೆ ಅಪ್ಪಾಜಿಯ ಎಡಗಾಲಿನ ಚಪ್ಪಲಿಯ ಫೋಟೋನೂ ಕಳಿಸಿ. ಮೇಲಿನದ್ದೊಂದು, ಅಡಿಯದ್ದೊಂದು. ಕಳಿಸುವ ಮೊದಲು ಒಳಗೆ ಒಂದು ಸಲ ಕೈಯಾಡಿಸಿ ನೋಡಿ.